ಪುಟ ಹನ್ನೊಂದರ ಕೈಗಳು

ಜನವರಿ 9

ಅಕ್ಕಾ,

ಕವರಿನ ಮೇಲಿನ ಅಕ್ಷರ ನೋಡಿಯೇ ಒಲೆಗೆ ಹಾಕಿಲ್ಲ ಅಂದರೆ ಮುಂದೆ ಓದಿ. ನಾವಿಬ್ಬರೂ ಮಾತು ಬಿಟ್ಟು ಹದಿನೇಳು ವರ್ಷ. ಅಣ್ಣ ತಮ್ಮ ವಾರಕ್ಕೊಮ್ಮೆ ಫೋನಿನಲ್ಲಿ ನಕ್ಕು ಮಾತಾಡುತ್ತಾರೆ, ಅವರನ್ನು ಕಟ್ಟಿಕೊಂಡ ಓರಗಿತ್ತಿಯರು ನಾವು ಮಾತ್ರ ಬಾಯಿ ಹೊಲಿದುಕೊಂಡಿದ್ದೇವೆ. ಫೋನ್ ಮಾಡಿದರೆ ನೀವು ಇಟ್ಟುಬಿಡುತ್ತೀರಿ. ಅದಕ್ಕೇ ಕಾಗದ.

ಫ್ಯಾಕ್ಟರಿಗೆ ನಲವತ್ತು ವರ್ಷ ತುಂಬುತ್ತಿದೆ. ಅದರ ಚರಿತ್ರೆ ಅಂತ ಒಂದು ಪುಸ್ತಕ ಬರುತ್ತಿದೆ, ದಪ್ಪ ಹಾಳೆ, ಬಣ್ಣದ ಚಿತ್ರ. ಹಳೇ ರೇಡಿಯೊ ರಿಪೇರಿ ಮಾಡುತ್ತಿದ್ದ ತಗಡಿನ ಶೆಡ್ಡಿನಿಂದ ಶುರುವಾಗಿ, ವಿಮಾನದ ಮೂತಿಯೊಳಗೆ ಕೂರುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಮಾಡುವ ಈ ಗಾಜಿನ ಕಟ್ಟಡದವರೆಗೆ. ಬರೆಯುವುದಕ್ಕೆ ಒಬ್ಬ ಹುಡುಗಿ ಬಂದಿದ್ದಾಳೆ. ಊಟ ಮಾಡುವಾಗಲೂ ರೆಕಾರ್ಡರ್ ಮುಂದಿಡುತ್ತಾಳೆ. ಅವಳ ಭಯಕ್ಕೆ ಕ್ಯಾಂಟೀನಿನಲ್ಲಿ ಯಾರೂ ಮ್ಯಾನೇಜರನ್ನು ಬೈಯುತ್ತಿಲ್ಲ.

ಪುಟ ಹನ್ನೊಂದರಲ್ಲಿ ಒಂದು ಫೋಟೊ ಇದೆ. ಮುಖ ಇಲ್ಲ, ಎರಡು ಕೈ ಅಷ್ಟೇ. ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಮಡಿಸಿದ ಬಟ್ಟೆಯೊಳಗೆ ಹಿಡಿದು ಸುರುಳಿ ಸುತ್ತುತ್ತಿರುವ ಕೈ. ನಮ್ಮ ಬಟ್ಟೆ ಹಿಡಿತ. ಕಂಪನಿಗೆ ಮೊದಲ ವಿಮಾನದ ಆರ್ಡರ್ ತಂದುಕೊಟ್ಟಿದ್ದೇ ಆ ಹಿಡಿತ ಅಂತ ಕೆಳಗೆ ಬರೆದಿದ್ದಾರೆ. "ಇವು ಯಾರ ಕೈ ಅಮ್ಮಾ?" ಅಂತ ಹುಡುಗಿ ಕೇಳಿದಳು. ನನ್ನವು ಅಂದೆ.

ಶೆಡ್ಡಿನ ಕಾಲದ ಹಳಬರೊಬ್ಬರು ಹೌದು ಅಂತ ಸಹಿ ಹಾಕಬೇಕಂತೆ. ಉಳಿದಿರುವುದು ನೀವೊಬ್ಬರೇ. ಫಾರಂ ಒಳಗಿದೆ. ಜುಲೈನಲ್ಲಿ ನಾನು ರಿಟೈರ್ ಆಗುವ ದಿನವೇ ಪುಸ್ತಕದ ಬಿಡುಗಡೆ. ವೇದಿಕೆ ಮೇಲೆ ನನಗೂ ಒಂದು ಕುರ್ಚಿ ಹಾಕುತ್ತಾರೆ. ನನ್ನ ಜನ್ಮದಲ್ಲಿ ನಿಮ್ಮ ಹತ್ತಿರ ಕೇಳುತ್ತಿರುವುದು ಇದೊಂದೇ.

ಇಂತಿ,
ಚಿಕ್ಕೋಳು

•

ಜನವರಿ 20

ಚಿಕ್ಕೋಳೇ,

ಸಹಿ ಹಾಕಲ್ಲ. ಮೊದಲ ಸಾಲಿನಲ್ಲೇ ಬರೆದಿದ್ದೇನೆ, ಹುಡುಕುವ ಕಷ್ಟ ನಿನಗೆ ಬೇಡ.

ಹೊಟ್ಟೆ ಉರಿಯಿತಾ ಅಂತ ಒಳಗೊಳಗೇ ಕೇಳಿಕೊಂಡಿರುತ್ತೀಯ. ಉರಿಯಿತು. ಮಧ್ಯಾಹ್ನ ಅಂಗಡಿಯಲ್ಲಿ ಸುಟ್ಟ ಪಂಪಿನ ಮೋಟಾರು ಬಿಚ್ಚುತ್ತಾ ಕೂತಿದ್ದೆ. ನಿನ್ನ ಕಾಗದ ಓದಿದ ಮೇಲೆ ಸುಟ್ಟ ವಾಸನೆ ಮೋಟಾರಿನದೋ ನನ್ನದೋ ತಿಳಿಯಲಿಲ್ಲ. ವಿಮಾನಕ್ಕೆ ಸುರುಳಿ ಸುತ್ತಿದವಳು ಈಗ ಊರವರ ಫ್ಯಾನು, ಮಿಕ್ಸಿಗೆ ತಂತಿ ಸುತ್ತುತ್ತಿದ್ದೇನೆ. ನಾಚಿಕೆ ಇಲ್ಲ. ನಾಚಿಕೆ ಆಗಬೇಕಾದವರು ಬೇರೆ.

ಚರಿತ್ರೆ ಬೇಕಾ ಆ ಹುಡುಗಿಗೆ? ಬರೆದುಕೊಳ್ಳಲಿ. ನಾಲ್ಕು ಬೆಂಚು, ಎರಡು ಲೇತು, ಒಂದು ಕಕ್ಕಸು. ಅದಕ್ಕೂ ಬೀಗ, ಕೀಲಿ ಫೋರ್‌ಮನ್ ಜೇಬಿನಲ್ಲಿ. ವಿಮಾನದ ಟ್ಯಾಂಕಿನಲ್ಲಿ ಎಷ್ಟು ಇಂಧನ ಇದೆ ಅಂತ ಪೈಲಟ್‌ಗೆ ತೋರಿಸುವ ಮುಳ್ಳಿನ ಮಾಪಕ, ಅದರ ಹಿಂದೆ ಹೆಬ್ಬೆರಳ ಉಗುರಿನಷ್ಟು ಸುರುಳಿ. ಸಾವಿರದ ಇನ್ನೂರು ಸುತ್ತು. ದೊಡ್ಡ ಇಂಜಿನಿಯರ್ ಎಲ್ಲಿಂದಲೋ ಮೆಷಿನ್ ತರಿಸಿದರು, ಅದು ತಂತಿ ಹರಿಯಿತು. ಗಂಡಸರು ಕೂತರು, ಬೆವರು ಬೆರಳಿಗೆ ಅಂಟಿ ಅವರೂ ಹರಿದರು. ಕೊನೆಗೆ ಮಡಿಸಿದ ಬಟ್ಟೆಯಲ್ಲಿ ತಂತಿ ಹಿಡಿದು ಹರಿಯದಂತೆ ಸುತ್ತಿ ತೋರಿಸಿದ್ದು ಯಾರು? ಕೇಳು, ಆ ಗಾಜಿನ ಕಟ್ಟಡದ ಇಟ್ಟಿಗೆಗಳನ್ನು ಕೇಳು. ಇಟ್ಟಿಗೆಯೂ ಇಲ್ಲ ಅಲ್ಲವಾ ಅದರಲ್ಲಿ.

ಆ ಕೈ ನನ್ನದು. ನೀನು ಬಂದಿದ್ದು ನಾಲ್ಕನೇ ವರ್ಷ. ನಿನ್ನ ಅರ್ಜಿ ಬರೆದವಳು ನಾನು, ಬೆಂಚಿಗೆ ಕೂರಿಸಿ ಬೆರಳು ಹಿಡಿದು ಕಲಿಸಿದವಳು ನಾನು. ಮುಷ್ಕರದಲ್ಲಿ ಇನ್ನೂರ ಹದಿನಾಲ್ಕು ಜನ ಗೇಟಿನ ಹೊರಗೆ ಬಿಸಿಲಲ್ಲಿ ಕೂತಿದ್ದಾಗ ತಲೆ ಮೇಲೆ ಟವೆಲ್ ಹಾಕಿಕೊಂಡು ಒಳಗೆ ಹೋದ ಐದು ಜನರಲ್ಲಿ ನೀನೊಬ್ಬಳು. ಈಗ ಕೈಯನ್ನೂ ಕದಿಯಲು ಬಂದಿದ್ದೀಯ. ಆ ವರ್ಷವನ್ನು ಪುಸ್ತಕದಲ್ಲಿ ಏನಂತ ಕರೆದಿದ್ದಾರೆ? 'ಮರುಸಂಘಟನೆಯ ವರ್ಷ' ಅಂತಲಾ? ಪಂದ್ಯ ಕಟ್ಟುತ್ತೇನೆ. ಚರಿತ್ರೆ ಬರೆಯುವ ಯಜಮಾನರಿಗೆ ಹಸಿವು ಅನ್ನುವ ಪದ ನಿಘಂಟಿನಲ್ಲೇ ಸಿಗುವುದಿಲ್ಲ.

ಫೋಟೊದ ಒಂದು ಪ್ರತಿ ಕಳಿಸು. ನನ್ನ ಕೈ ನಾನು ನೋಡಬೇಕು.

ದೊಡ್ಡೋಳು

•

ಫೆಬ್ರವರಿ 6

ಅಕ್ಕಾ,

ಪಂದ್ಯ ಗೆದ್ದಿರಿ. 'ಮರುಸಂಘಟನೆಯ ವರ್ಷ' ಅಂತಲೇ ಇದೆ, ಒಂದೂವರೆ ಸಾಲು. ಮುಂದಿನ ಸಾಲಿನಲ್ಲಿ ಹೊಸ ಟೆಸ್ಟಿಂಗ್ ಕೋಣೆಯ ಉದ್ಘಾಟನೆ.

ನೀವು ಬೈದಿದ್ದೀರಿ, ನಾನು ಓದಿದ್ದೀನಿ. ಈಗ ನನ್ನದು ಕೇಳಿ. ನೀವು ಬರೆಯುವ ಚರಿತ್ರೆಯಲ್ಲೂ ನನಗೆ ಒಂದೂವರೆ ಸಾಲೇ.

ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ನಾನು ಎರಡನೆಯವಳು. ಅತ್ತೆಗೆ ದೊಡ್ಡೋಳ ಕೈ ರುಚಿ, ದೊಡ್ಡೋಳು ಒಗೆದ ಬಟ್ಟೆಯೇ ಬಟ್ಟೆ. ಫ್ಯಾಕ್ಟರಿಗೆ ಬಂದರೆ ಅಲ್ಲೂ ಅದೇ. ನನ್ನ ಟಿಕೆಟ್ ನಂಬರ್ ಹದಿನೆಂಟು, ಆದರೆ ಹತ್ತೊಂಬತ್ತು ವರ್ಷ ನಿಮ್ಮ ಎತ್ತರ ನೋಡಿ ಎಲ್ಲರೂ ನನ್ನನ್ನು ಕರೆದಿದ್ದು 'ಉದ್ದನೆಯವಳ ಓರಗಿತ್ತಿ' ಅಂತ. ನಾನು ಸುತ್ತಿದ ಸುರುಳಿ ಪಾಸಾದರೆ 'ಕಲಿಸಿದವರು ಯಾರು ಹೇಳು!' ಫೇಲಾದರೆ 'ಅಕ್ಕನ ಮರ್ಯಾದೆ ಕಳೀಬೇಡಮ್ಮಾ!' ಮುಷ್ಕರದ ಶುರುವಿನಲ್ಲಿ ಪೊಲೀಸರು ಹಿಡಿದಿದ್ದ ನೀವು ಲಾಕಪ್ಪಿನಿಂದ ಹೊರಗೆ ಬಂದ ದಿನ ಜನ ನಿಮ್ಮನ್ನು ಹೆಗಲ ಮೇಲೆ ಹೊತ್ತು ತಂದರು. ಆ ಗುಂಪಿನಲ್ಲಿ ನಿಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ನಡೆದವಳು ನಾನು. ನೆನಪಿದೆಯಾ? ಇರಲ್ಲ. ಹೆಗಲ ಮೇಲೆ ಕೂತವರಿಗೆ ಕೆಳಗಿನವರ ನೆತ್ತಿ ಕಾಣುತ್ತೆ, ಮುಖ ಕಾಣಲ್ಲ.

ಆಮೇಲೆ ಯಾಕೆ ಫ್ಯಾಕ್ಟರಿ ಒಳಗೆ ಹೋದೆ ಅಂತ ಊರಿಗೆಲ್ಲ ಹೇಳಿದ್ದು ಮಕ್ಕಳ ಹಸಿವು ಅಂತ. ನಿಜ ಹೇಳಲಾ? ಮಕ್ಕಳಿಗೆ ನಿಮ್ಮ ಯೂನಿಯನ್ನಿನವರು ಎರಡು ಹೊತ್ತು ಊಟ ಕಳಿಸುತ್ತಿದ್ದರು. ನೀವು ಹೊರಗಿದ್ದರೆ ಒಳಗೆ ನಾನು ಮೊದಲನೆಯವಳಾಗಬಹುದು ಅಂತ ಹೋದೆ. ಆದೆ ಕೂಡ. ಆ ಖಾಲಿ ಬೆಂಚುಗಳ ನಡುವೆ ನನ್ನನ್ನು ಮೊದಲನೆಯವಳು ಅನ್ನಲು ಯಾರೂ ಇರಲಿಲ್ಲ.

ಫೋಟೊ ಇಟ್ಟಿದ್ದೀನಿ. ಕಣ್ತುಂಬ ನೋಡಿ, ನಿಮ್ಮ ಕೈ ಅಂತ ಮುದ್ದಾಡಿ. ಆಮೇಲೆ ಸಹಿ ಹಾಕಿ.

ಹದಿನೆಂಟು

•

ಫೆಬ್ರವರಿ 19

ಫೋಟೊ ನೋಡಿದೆ.

ಬಟ್ಟೆ ಇರುವುದು ಎಡಗೈಯಲ್ಲಿ. ಸುರುಳಿ ಸುತ್ತುವ ಹಿಡಿ ತಿರುಗಿಸುತ್ತಿರುವುದು ಬಲಗೈ. ನಾನೂ ನೀನೂ ಬಲಗೈಯವರು, ಬಟ್ಟೆ ಬಲಗೈಯಲ್ಲೇ ಹಿಡಿಯುತ್ತಿದ್ದೆವು. ಉಲ್ಟಾ ಅಚ್ಚು ಮಾಡಿದ್ದಾರೆ. ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲ ಅದಲುಬದಲಾಗಿದೆ. ಹಳೇ ಫಿಲಂ ಆದ್ದರಿಂದ ಹಾಗೆ ಆಗಿರುತ್ತೆ. ಆ ಹುಡುಗಿಗೆ ಹೇಳಿ ಸರಿ ಮಾಡಿಸು.

ಮಣಿಕಟ್ಟಿನ ಮೂಳೆ ನನ್ನದೇ.

ದೊಡ್ಡೋಳು

•

ಮಾರ್ಚ್ 3

ಅಕ್ಕಾ,

ಹುಡುಗಿಯನ್ನು ಕೇಳುವ ಅಗತ್ಯವೇ ಬರಲಿಲ್ಲ. ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡಿ. ಕೈಗಳ ಹಿಂದೆ ಬೆಂಚಿನ ಮೇಲೆ ಒಂದು ಮಾಪಕ ಇದೆ. ಅಂಕಿಗಳೆಲ್ಲ ನೆಟ್ಟಗಿವೆ, ಸೊನ್ನೆ ಎಡಕ್ಕೆ, ಎಂಟುನೂರು ಬಲಕ್ಕೆ. ಫೋಟೊ ಉಲ್ಟಾ ಆಗಿದ್ದರೆ ಅಂಕಿಗಳೂ ಉಲ್ಟಾ ಆಗಬೇಕಿತ್ತು. ಅಚ್ಚು ಸರಿಯಾಗೇ ಇದೆ. ಕೈ ನಿಮ್ಮದಲ್ಲ.

ನನ್ನದೂ ಅಲ್ಲ. ಅದು ನನಗೆ ಮೊದಲೇ ಗೊತ್ತಿತ್ತು. ಫೋಟೊ ಹಿಂದೆ ಇರುವ ತಾರೀಖು ಎರಡನೇ ವರ್ಷದ್ದು, ಆಗ ನಾನಿನ್ನೂ ಈ ಊರಿಗೇ ಕಾಲಿಟ್ಟಿರಲಿಲ್ಲ. ನಿಮ್ಮವು ಅಂದುಕೊಂಡೇ ನನ್ನವು ಅಂದೆ. ಬೇರೆ ಯಾರವೋ ಆಗಿದ್ದರೆ ಕದಿಯುವ ಆಸೆಯೇ ಬರುತ್ತಿರಲಿಲ್ಲ. ನಿಮ್ಮದು ಅಂದ ಕೂಡಲೇ ಬಾಯಲ್ಲಿ ನೀರೂರಿತು.

ಕ್ಯಾಂಟೀನಿನಲ್ಲಿ ಒಬ್ಬಳೇ ಕೂತು ಎಷ್ಟು ನಕ್ಕೆ ಅಂದರೆ ಅಡುಗೆಯವಳು ನೀರು ತಂದುಕೊಟ್ಟಳು. ಇಬ್ಬರು ಹೆಂಗಸರು ಜಡೆ ಜಡೆ ಹಿಡಿದು ಜಗಳ ಆಡಿದ್ದಾರೆ, ಮೂರನೆಯವಳ ಕೈಗೋಸ್ಕರ.

ಶೆಡ್ಡಿನಲ್ಲಿ ಎಡಚಿ ಯಾರಿದ್ದರು ಅಕ್ಕಾ?

ಚಿಕ್ಕೋಳು

•

ಏಪ್ರಿಲ್ 11

ಅಕ್ಕಾ,

ಐದು ವಾರ ಆಯಿತು. ಬೈಗುಳವೂ ಇಲ್ಲ. ನೀವು ಬೈಯದಿದ್ದರೆ ನನಗೆ ಹೆದರಿಕೆ. ನಮ್ಮವರ ಕೈಲಿ ಭಾವನವರನ್ನು ವಿಚಾರಿಸಿದರೆ, "ಅವಳು ಅಂಗಡಿಗೂ ಸರಿಯಾಗಿ ಹೋಗುತ್ತಿಲ್ಲ, ಫೋಟೊ ಮುಂದಿಟ್ಟುಕೊಂಡು ಕೂತಿರುತ್ತಾಳೆ" ಅಂದರಂತೆ ತಮ್ಮನ ಹತ್ತಿರ.

ಪುಸ್ತಕ ಜೂನ್ ಮೊದಲ ವಾರ ಅಚ್ಚಿಗೆ ಹೋಗುತ್ತೆ. ಎಡಚಿ ಯಾರು?

ಚಿಕ್ಕೋಳು

•

ಮೇ 2

ಚಿಕ್ಕೋಳೇ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನಾನು ಕೈ ಮುಟ್ಟಿ ನೋಡಿಕೊಂಡೆ, ಎರಡು ತಿಂಗಳು.

ಶೆಡ್ಡಿನ ಕಸ ಗುಡಿಸುತ್ತಿದ್ದ ಒಬ್ಬಳು ಇದ್ದಳು, ಪೊರಕೆಯಮ್ಮ. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು. ನೀನು ಬಂದ ಮೇಲೂ ಇದ್ದಳು. ನಿನ್ನ ಬೆಂಚಿನ ಕೆಳಗಿನ ತಂತಿ ಚೂರುಗಳನ್ನು ದಿನಾ ಎತ್ತಿದ್ದಾಳೆ, ನೀನು ಕಾಲು ಎತ್ತಿ ಕೊಟ್ಟಿರುತ್ತೀಯ, ಅಷ್ಟೇ ಪರಿಚಯ.

ಒಂದು ದಿನ ಊಟದ ಬಿಡುವಿನಲ್ಲಿ ನಾನು ಬೇಗ ವಾಪಸ್ ಬಂದೆ. ಇವಳು ನನ್ನ ಸ್ಟೂಲಿನ ಮೇಲೆ ಕೂತಿದ್ದಾಳೆ. ಗಾಜು ಒರೆಸುವ ಹಳದಿ ಬಟ್ಟೆ ಮಡಿಸಿ, ಅದರೊಳಗೆ ತಂತಿ ಹಿಡಿದು, ನಾನು ಅರ್ಧ ಬಿಟ್ಟಿದ್ದ ಸುರುಳಿ ಸುತ್ತುತ್ತಿದ್ದಾಳೆ. ಎಡಗೈ ಅಲುಗುವುದೂ ಕಾಣುತ್ತಿರಲಿಲ್ಲ.

"ಯಾರು ಹೇಳಿದ್ದು ಮುಟ್ಟೋಕೆ?" ಅಂದೆ.

"ಸಿಟ್ಟಾಗಬೇಡ ತಾಯಿ. ಕೈ ಒದ್ದೆ ಇತ್ತು, ತಂತಿ ಕೊಳೆಯಾಗಬಾರದು ಅಂತ ಬಟ್ಟೆಯಲ್ಲಿ ಹಿಡಿದೆ. ನೀವೆಲ್ಲ ಅದರ ಕುತ್ತಿಗೆ ಹಿಸುಕಿದ ಹಾಗೆ ಹಿಡೀತೀರಿ, ಅದಕ್ಕೇ ಹರಿಯುತ್ತೆ."

ಪರೀಕ್ಷೆಗೆ ಹಾಕಿದರೆ ಆ ಸುರುಳಿ ಮೊದಲ ಏಟಿಗೇ ಪಾಸು.

ಆಮೇಲೆ ದಿನಾ ಊಟದ ಬಿಡುವಿನಲ್ಲಿ ಅವಳು ಸುತ್ತಿದಳು. ನಾನೇ ಕೂರಿಸಿದೆ. ಅಂಕಿ ಬರೆಯಲು ಬರುತ್ತಿರಲಿಲ್ಲ, ನೂರು ಸುತ್ತಿಗೆ ಒಂದು ಅಂಗಿ ಗುಂಡಿಯನ್ನು ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ ಹಾಕುತ್ತಿದ್ದಳು. ಹನ್ನೆರಡು ಗುಂಡಿ, ಒಂದು ಸುರುಳಿ. ಒಂದು ಸುತ್ತೂ ಹೆಚ್ಚುಕಮ್ಮಿ ಇಲ್ಲ. ಆ ಸುರುಳಿಗಳನ್ನು ನಾನು ನನ್ನ ಟ್ರೇಗೆ ಹಾಕಿಕೊಂಡೆ. ದೊಡ್ಡ ಇಂಜಿನಿಯರ್ ಬಂದು "ಈ ಹಿಡಿತ ಯಾರು ಕಂಡುಹಿಡಿದಿದ್ದು?" ಅಂದಾಗ ಬಟ್ಟೆ ಹಿಡಿದು ಎದ್ದು ನಿಂತವಳು ನಾನು. ಅವಳು ಬಕೆಟ್ ಹಿಡಿದು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ನಾನು ತಿರುಗಿ ನೋಡಲಿಲ್ಲ.

ಫೋಟೊ ತೆಗೆಯುವವನು ಬಂದ ದಿನ ದೊಡ್ಡ ಲೈಟಿನ ಶಾಖಕ್ಕೆ ಬಟ್ಟೆಯೊಳಗೂ ನನ್ನ ಬೆರಳು ಬೆವರಿತು. ಮೂರು ಸಲ ತಂತಿ ಹರಿಯಿತು. ನಾಲ್ಕನೇ ಸಲ ಹೇಗೋ ತೆಗೆದ. ಆಮೇಲೆ ಫೋರ್‌ಮನ್, "ಏ ಪೊರಕೆಯಮ್ಮ, ನೀನೂ ಒಂದು ಸಲ ಕೂತ್ಕೋ, ಮುಖ ಬರಲ್ಲ ಬಿಡು" ಅಂದ. ಪುಸ್ತಕಕ್ಕೆ ಆರಿಸಿದ್ದು ನನ್ನದೇ ಅಂತ ನಾನು ನಂಬಿದ್ದೆ. ನಂಬಿದ್ದೇನೆ ಅಂತ ನನ್ನನ್ನೇ ನಂಬಿಸಿಕೊಂಡಿದ್ದೆ.

ಮುಂದಿನ ವಾರ ಅವಳು ಫೋರ್‌ಮನ್ ಹತ್ತಿರ ಬೆಂಚು ಕೇಳಿದಳು. ಅವನು ನನ್ನನ್ನು ಕೇಳಿದ, "ಏನಮ್ಮಾ, ಇವಳನ್ನು ಸುರುಳಿ ವಿಭಾಗಕ್ಕೆ ತಗೊಳ್ಳಬಹುದಾ?" ಒಂದು ಮಾತು ಸಾಕಿತ್ತು, ಚಿಕ್ಕೋಳೇ. ಹೂಂ ಅಂದಿದ್ದರೆ ಸಾಕಿತ್ತು. ನನ್ನವು ಹತ್ತಕ್ಕೆ ಎರಡು ವಾಪಸ್ ಬರುತ್ತಿದ್ದವು. ಅವಳದು ಒಂದೂ ಬರುತ್ತಿರಲಿಲ್ಲ. ಅವಳು ಪಕ್ಕದ ಬೆಂಚಿಗೆ ಬಂದು ಕೂತರೆ ನಾನು ಯಾರು? "ಅಂಕಿ ಬರಲ್ಲ ಸ್ವಾಮಿ ಅವಳಿಗೆ. ಪೊರಕೆ ಹಿಡಿದವಳ ಕೈಗೆ ವಿಮಾನ ಕೊಡ್ತೀರಾ?" ಅಂದೆ. ಬಾಗಿಲ ಹತ್ತಿರವೇ ಇದ್ದಳು. ಕೇಳಿಸಿಕೊಂಡಳು. ಬಕೆಟ್ ಎತ್ತಿಕೊಂಡು ಹೋದಳು.

ಇನ್ನೂ ಕೆಟ್ಟದ್ದು ಇದೆ, ಬರೆದೇ ಬಿಡುತ್ತೇನೆ. ಮುಷ್ಕರದ ನಲವತ್ತಾರು ದಿನವೂ ಅವಳು ನಮ್ಮ ಜೊತೆ ಗೇಟಿನ ಹೊರಗೆ ಕೂತಿದ್ದಳು. ಮೊದಲ ಸಾಲು. ನಾನು ಕೂಗಿದ ಒಂದೊಂದು ಘೋಷಣೆಗೂ ಮುಷ್ಟಿ ಎತ್ತಿದಳು, ಎಡಮುಷ್ಟಿ. ನಮ್ಮ ಬೇಡಿಕೆ ಹನ್ನೆರಡು, ಅಕ್ಷರ ಅಕ್ಷರ ನಾನೇ ಬರೆದಿದ್ದು. ಕ್ಯಾಂಟೀನಿನ ಟೀ ನೀರಾಗಿದೆ ಅನ್ನುವುದೂ ಒಂದು ಬೇಡಿಕೆ. ಕಸ ಗುಡಿಸುವ ಒಂಬತ್ತು ಜನರ ಬಗ್ಗೆ ಒಂದು ಸಾಲೂ ಇಲ್ಲ. ಮುಷ್ಕರ ಮುರಿದಾಗ ನನ್ನ ಕೆಲಸ ಹೋಯಿತು, ಅವರದು ಕಂಟ್ರಾಕ್ಟರ್ ಪಾಲಾಯಿತು. ಸಮಾನತೆ, ಸಮಾನತೆ ಅಂತ ಗಂಟಲು ಹರಿದುಕೊಂಡ ನನಗೆ ನನ್ನ ಬೆನ್ನ ಹಿಂದೆ ನಿಂತವಳು ಕಾಣಲಿಲ್ಲ. ಯಜಮಾನರು ನಮ್ಮ ಬೆವರು ಕದ್ದರು ಅಂತ ಹದಿನೇಳು ವರ್ಷ ಹಲ್ಲು ಕಡಿದೆ. ಕದಿಯುವ ವಿದ್ಯೆ ಅವರಿಗೇನು ಗುತ್ತಿಗೆಯಾ? ನಾನೂ ಕಲಿತಿದ್ದೆ.

ಇದರ ಜೊತೆ ಒಂದು ಹಾಳೆ ಇದೆ. ಇದೆಲ್ಲ ಸಹಿ ಮಾಡಿ ಬರೆದಿದ್ದೇನೆ. ನೇರ ಆಫೀಸಿಗೆ ಕಳಿಸಬಹುದಿತ್ತು, ನಿನಗೆ ಕಳಿಸುತ್ತಿದ್ದೇನೆ. ಕೊಟ್ಟರೆ ನಿನ್ನ ಪುಟವೂ ಹೋಗುತ್ತೆ, ಕುರ್ಚಿಯೂ ಹೋಗುತ್ತೆ. ಕೊಡುತ್ತೀಯೋ ಇಲ್ಲವೋ ನೋಡಬೇಕು ನನಗೆ. ಇದೂ ಹೊಟ್ಟೆಕಿಚ್ಚೇ. ನೀನು ನನಗಿಂತ ಒಳ್ಳೆಯವಳಾಗಬಾರದು ಅಂತ ಒಂದು ಮನಸ್ಸು ಈಗಲೂ ಹೇಳುತ್ತಿದೆ.

ದೊಡ್ಡೋಳು

•

ಜೂನ್ 14

ಅಕ್ಕಾ,

ನಿಮ್ಮ ಹಾಳೆ ಹನ್ನೊಂದು ದಿನ ಹಿಟ್ಟಿನ ಡಬ್ಬಿಯಲ್ಲಿತ್ತು. ದಿನಾ ಮುಚ್ಚಳ ತೆಗೆದು ನೋಡುತ್ತಿದ್ದೆ, ಇಲಿಯಾದರೂ ತಿನ್ನಬಾರದಾ ಅಂತ. ನಮ್ಮ ಮನೆ ಇಲಿಗಳೂ ಸೋಮಾರಿ.

ಹನ್ನೆರಡನೇ ದಿನ ಕೊಟ್ಟೆ. ಹುಡುಗಿ ಓದಿ, ಜೀವನದಲ್ಲಿ ಮೊದಲ ಸಲ ರೆಕಾರ್ಡರ್ ಆಫ್ ಮಾಡಿದಳು. ಮ್ಯಾನೇಜರ ಕೋಣೆಗೆ ಇಬ್ಬರೂ ಹೋದೆವು.

"ಮೇಡಂ, ಇದೆಲ್ಲ ಹಳೇ ಮಾತು," ಅಂದರು ಅವರು. "ಪುಸ್ತಕ ನಮ್ಮ ವಿಮಾನ ಕಂಪನಿಗಳ ಕೈಗೆ ಹೋಗುತ್ತೆ. ಕಸ ಗುಡಿಸುವವರು ಸುರುಳಿ ಸುತ್ತಿದರು ಅಂದರೆ ಅವರು ಏನಂದುಕೊಳ್ಳುತ್ತಾರೆ? 'ಸಹಾಯಕ ಸಿಬ್ಬಂದಿ' ಅಂತ ಹಾಕೋಣ."

"ಕಸ ಗುಡಿಸುತ್ತಿದ್ದವರ ಕೈ ಅಂತಲೇ ಹಾಕಿ ಸಾರ್. ನಲವತ್ತು ವರ್ಷದಿಂದ ಹಾರುತ್ತಿರೋ ವಿಮಾನ, ಒಂದು ಸಾಲಿಗೆ ಕೆಳಗೆ ಬೀಳಲ್ಲ."

"ಹಾಗಾದರೆ ನಿಮ್ಮ ಬಗ್ಗೆ ಬರೆದಿರೋ ಪುಟ ತೆಗೀಬೇಕಾಗುತ್ತೆ. ನೀವೇ ಸುಳ್ಳು ಹೇಳಿದ ಹಾಗಾಯ್ತಲ್ಲ."

"ಹೇಳಿದ್ದೆ ಸಾರ್. ತೆಗೀರಿ."

ತೆಗೆದರು. ಕುರ್ಚಿಯೂ ಹೋಯಿತು, ನನಗೆ ಮೂರನೇ ಸಾಲು. ಪುಟ ಹನ್ನೊಂದರ ಕೆಳಗೆ ಈಗ ನಾನು ಹೇಳಿದ ಸಾಲೇ ಇದೆ. ಹುಡುಗಿ ಪ್ರೆಸ್ಸಿನಲ್ಲಿ ಪಕ್ಕದಲ್ಲೇ ನಿಂತು ಅಚ್ಚು ಹಾಕಿಸಿದಳು. ನನ್ನನ್ನು ಒಳ್ಳೆಯವಳು ಅಂದುಕೊಳ್ಳಬೇಡಿ. ಆ ಕೈ ನಿಮ್ಮದೇ ಆಗಿದ್ದರೆ ಆ ಹಾಳೆಯನ್ನು ಒಲೆಗೆ ಹಾಕುತ್ತಿದ್ದೆ. ನಿಮಗೆ ಸಿಗಲಿಲ್ಲವಲ್ಲ ಅನ್ನುವ ಸಮಾಧಾನಕ್ಕೇ ಅರ್ಧ ಧೈರ್ಯ ಬಂದಿದ್ದು.

ಇನ್ನು ಮುಖ್ಯ ಸಂಗತಿ. ಈಗ ಕಂಟ್ರಾಕ್ಟಿನಲ್ಲಿ ಗುಡಿಸುವ ಹೆಂಗಸರನ್ನು ವಿಚಾರಿಸಿದೆ. ಪೊರಕೆಯಮ್ಮ ಇದ್ದಾರೆ. ಬಸ್ ಡಿಪೋ ಹಿಂದಿನ ಸಾಲುಮನೆಗಳಲ್ಲಿ ಮಗಳ ಜೊತೆ. ಮೊನ್ನೆ ಭಾನುವಾರ ಹೋಗಿದ್ದೆ. ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ಮಬ್ಬು. ಕಾಳು ಆರಿಸುತ್ತಾ ಕೂತಿದ್ದರು, ಬೆರಳಿನಿಂದಲೇ ಕಲ್ಲು ಹುಡುಕಿ.

ನಾನು ಯಾರು ಅಂತ ಹೇಳಿದೆ. "ಮುಷ್ಕರದಲ್ಲಿ ಒಳಗೆ ಹೋದವಳಲ್ಲವಾ? ಟವೆಲ್ಲಿಂದ ಮುಖ ಮುಚ್ಚಿದ್ದೆ, ಚಪ್ಪಲಿ ಮುಚ್ಚಿರಲಿಲ್ಲ, ಗುರುತು ಸಿಕ್ಕಿತ್ತು" ಅಂದರು. ಕಾಲ ಬಳಿ ನೆಲ ನೋಡಿಯೇ ಬದುಕಿದವರು, ಮರೆಯುತ್ತಾರಾ.

ಪುಟದ ವಿಷಯ ಹೇಳಿದೆ. "ಬರೀ ಕೈಯಾ? ಮುಖ ಹಾಕಲಿಲ್ಲವಾ?" ಅಂತ ಕೇಳಿ ಕಾಳು ಆರಿಸುವುದನ್ನು ಮುಂದುವರಿಸಿದರು. ಆಮೇಲೆ ನಿಮ್ಮ ಹಾಳೆಯ ನಕಲು ಪೂರ್ತಿ ಓದಿ ಹೇಳಿದೆ. ನೀವು ಫೋರ್‌ಮನ್ ಮುಂದೆ ಆಡಿದ ಮಾತಿನ ಹತ್ತಿರ ಬಂದಾಗ ನನ್ನ ದನಿ ಸಣ್ಣಗಾಯಿತು. "ಜೋರಾಗಿ ಓದು, ಅವಳು ಜೋರಾಗೇ ಹೇಳಿದ್ದು" ಅಂದರು.

ಓದಿ ಮುಗಿಸಿದೆ. ಹಾಳೆಯನ್ನು ಅವರ ಕೈಗೆ ಕೊಡಲು ಹೋದೆ. ಮುಟ್ಟಲಿಲ್ಲ.

"ನನಗೆ ಓದೋಕೆ ಬರಲ್ಲ ಅಂತ ಅವಳಿಗೆ ಗೊತ್ತು. ಗೊತ್ತಿದ್ದೂ ಕಾಗದದಲ್ಲಿ ಬರೆದಿದ್ದಾಳೆ, ಅದನ್ನೂ ಇನ್ನೊಬ್ಬಳ ಕೈಯಲ್ಲಿ ಕೊಟ್ಟು. ಬಾಯಿ ಬಿದ್ದುಹೋಗಿದೆಯಾ ಆ ಉದ್ದನೆಯವಳದು? ಅವತ್ತು ಬಾಯಲ್ಲಿ ಅಂದಿದ್ದನ್ನು ಬಾಯಲ್ಲೇ ವಾಪಸ್ ತಗೊಳ್ಳಲಿ. ಇಲ್ಲಿಗೆ ಬಂದು."

ಅಷ್ಟೇ ಹೇಳಿದ್ದು. ಮಗಳು ಟೀ ಕೊಟ್ಟಳು. ಕುಡಿದು ಬಂದೆ.

ಅಕ್ಕಾ, ಮುಂದಿನ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟು ಬನ್ನಿ. ಡಿಪೋ ಹತ್ತಿರ ನಿಂತಿರುತ್ತೇನೆ. ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡಬೇಕು ಅಂತೇನಿಲ್ಲ, ಹದಿನೇಳು ವರ್ಷ ಅಭ್ಯಾಸ ಆಗಿದೆ. ಆದರೆ ಅವರ ಮನೆಯೊಳಗೆ ನಾನೂ ಬರುತ್ತೇನೆ. ಹೊರಗೆ ನಿಲ್ಲು ಅಂದರೆ ನಿಲ್ಲಲ್ಲ. ಗೇಟಿನ ಮುಂದೆ ಸಾವಿರ ಜನಕ್ಕೆ ಕೇಳುವ ಹಾಗೆ ಕೂಗಿದ ಬಾಯಿ ಒಬ್ಬ ಮುದುಕಿಯ ಮುಂದೆ ಹೇಗೆ ತೆರೆಯುತ್ತೆ ಅಂತ ನಾನು ಎದುರಿಗೇ ಕೂತು ನೋಡಬೇಕು. ಆ ಆಸೆ ಕೆಟ್ಟದ್ದು ಅಂತ ಗೊತ್ತು. ಇದೆ.

ನೀವು ಮುಗಿಸಿದ ಮೇಲೆ ನನ್ನ ಸರದಿ. ಟವೆಲ್ಲಿನ ಬಗ್ಗೆ ನಾನೂ ಅವರಿಗೆ ಹೇಳಬೇಕಾದ್ದು ಇದೆ. ಆಗ ನೀವೂ ಎದ್ದು ಹೋಗಬೇಡಿ.

ಇಂತಿ ನಿಮ್ಮ ಓರಗಿತ್ತಿ,
ಚಿಕ್ಕೋಳು